ಬೀದಿಗೆ ಮುಖ ಮಾಡಿದ ಬೂಟು

ಸಲಿಕೆ ನನ್ನ ತಲೆಯ ಮೇಲೆ ಎದ್ದಿತ್ತು!

ತಗ್ಗಿದೆ.

ಅದು ನನ್ನ ಟೋಪಿಯನ್ನು ಸವರಿಕೊಂಡು ಹೋಗಿ ಹಿಂದಿನ ಗೋಡೆಗೆ ಬಡಿಯಿತು. ಕಲ್ಲಿನ ಚೂರು ಕೆನ್ನೆಗೆ ಸಿಡಿಯಿತು.

"ಏನಕ್ಕಾ, ದಾರಿ ತಪ್ಪಿ ಬಂದ್ಯಾ?" ಎಂದ ಆ ದಾಂಡಿಗ.

"ಇಲ್ಲ ಕಣೋ. ಸರಿಯಾದ ದಾರೀಲೇ ಬಂದಿದ್ದೀನಿ ಅಂತ ಈಗ ಗ್ಯಾರಂಟಿ ಆಯ್ತು!"

ಒದ್ದೆ. ಮೊಣಕಾಲಿಗೇ ಬಿತ್ತು. ಅವನು ಕುಂಟಿದ... ಬೀಳಲಿಲ್ಲ. ಹಾಳಾದವನು, ಗೂಳಿಯಂಥ ಆಳು!

ಎರಡನೇ ಸಲ ಅವನು ನನ್ನತ್ತ ಬೀಸಲಿಲ್ಲ. ಸಲಿಕೆಯನ್ನು ಮೇಲೆತ್ತಿ ಸೂರಿಗೆ ಬಡಿದ. ಒಂದೇ ಏಟು.

ಧಡ್!

ಇಡೀ ಛಾವಣಿಯ ಹಿಮ ನನ್ನ ಮೇಲೆ ಜಾರಿ ಬಿತ್ತು. ಬೆಳಕು ಹೋಯಿತು. ಹೋಗುವ ಮುನ್ನ ಕಣ್ಣಿಗೆ ಬಿದ್ದದ್ದು ಅವನ ಬೂಟು. ಮಿಲಿಟರಿ ಬೂಟು. ಎಡಗಾಲಿನದಕ್ಕೆ ಲೇಸ್ ಇರಲಿಲ್ಲ. ಬದಲಿಗೆ ಕೆಂಪು ಕರೆಂಟ್ ವೈರ್ ಕಟ್ಟಿದ್ದ.

ಅವನನ್ನು ನಾನು ಮೊದಲೇ ಗುರುತಿಸಬೇಕಿತ್ತು ಎನ್ನಬೇಡಿ. ಅವತ್ತು ಸರಾಯೆವೊದಲ್ಲಿ ಸಲಿಕೆ ಹಿಡಿಯದ ಗಂಡಸೇ ಇರಲಿಲ್ಲ! ಎರಡು ದಿನದಿಂದ ಬಿಡದೆ ಹಿಮ ಸುರಿಯುತ್ತಿತ್ತು. ಟ್ರ್ಯಾಮ್ ನಿಂತಿತ್ತು, ಸ್ಕೂಲು ಮುಚ್ಚಿತ್ತು. ನಮ್ಮ ವ್ರಾಟ್ನಿಕ್ ಮೊಹಲ್ಲಾ ಗುಡ್ಡದ ನೆತ್ತಿಯಲ್ಲಿದೆ. ಬಿಸಿಲಿದ್ದಾಗಲೇ ಅಲ್ಲಿ ಹತ್ತಲು ಏದುಸಿರು. ಇನ್ನು ಅವತ್ತು ಕೇಳಬೇಕೆ? ಸೊಂಟದವರೆಗೆ ಹಿಮ, ಗಾಳಿ, ಎದುರಿನ ಮನೆ ಇದೆಯೋ ಬಿದ್ದಿದೆಯೋ ಕಾಣದಂಥ ಬಿಳುಪು.

ಹಿಮದಡಿಯಲ್ಲಿ ಅಲುಗಾಡಲು ಆಗದೆ ಬಿದ್ದಿದ್ದೆ. ಬಾಯಿಯ ಮುಂದೆ ಒಂದು ಬೊಗಸೆಯಷ್ಟು ಜಾಗ. ಅಷ್ಟೇ ಉಸಿರು.

ನಾನು ಯಾರು ಎಂದು ಹೇಳಿಬಿಡುತ್ತೇನೆ, ಸತ್ತರೆ ಆಮೇಲೆ ಹೇಳಲಾಗುವುದಿಲ್ಲ. ಜುಮ್ರಾ ನನ್ನ ಹೆಸರು. ಒಂದು ಕಾಲದಲ್ಲಿ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಈಗ ಕಾಣೆಯಾದವರನ್ನು ಹುಡುಕಿಕೊಡುವುದು, ಕಾಣೆಯಾಗಬಾರದವರನ್ನು ಕಾಯುವುದು ನನ್ನ ಕಸುಬು. ಅವತ್ತು ಕಾಯಬೇಕಿದ್ದದ್ದು ಬೆಲ್ಮಾಳನ್ನು. ನನ್ನ ತಂಡದಲ್ಲೇ ಆಡಿದ್ದ ನೆರ್ಮಿನಾಳ ಒಬ್ಬಳೇ ಮಗಳು. ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಾಮಿಲ್ ಎಂಬ ರೌಡಿ ಆ ಅಂಗಡಿಯ ಯಜಮಾನನಿಗೆ ಗುಂಡು ಹೊಡೆದಾಗ ಕೌಂಟರ್ ಹಿಂದೆ ನಿಂತು ಕಣ್ಣಾರೆ ನೋಡಿದ್ದಳು. ಅವತ್ತು ಕೋರ್ಟಿನಲ್ಲಿ ಅವಳ ಸಾಕ್ಷಿ. ಅವಳಿಲ್ಲದಿದ್ದರೆ ಕೇಸೇ ಇಲ್ಲ.

ಬೆಳಿಗ್ಗೆ ನೆರ್ಮಿನಾಳ ಮನೆಯಿಂದ ನಾನು, ಬೆಲ್ಮಾ ಇಬ್ಬರೂ ನಡೆದು ಹೊರಟೆವು. ಅವಳ ಕೈ ನನ್ನ ಕೈಯಲ್ಲಿ ಭದ್ರವಾಗಿತ್ತು. ತಿರುವಿನಲ್ಲಿ ಹಳೆಯ ಬಿಳಿ ಗಾಲ್ಫ್ ಕಾರೊಂದು ಹಿಮದಿಂದ ಹಿಮವೇ ಎದ್ದು ಬಂದ ಹಾಗೆ ಬಂತು. ಬಾಗಿಲು ತೆರೆಯಿತು. ಯಾರೋ ನನ್ನನ್ನು ತಳ್ಳಿದರು. ಯಾರೋ ಅವಳನ್ನು ಎಳೆದರು. ನಾನು ಬಿಡಲಿಲ್ಲ, ದೇವರಾಣೆ ಬಿಡಲಿಲ್ಲ! ಆದರೆ ಕಾರು ಹೋದ ಮೇಲೆ ನನ್ನ ಮುಷ್ಟಿಯಲ್ಲಿ ಉಳಿದದ್ದು ಅವಳ ಹಸಿರು ಉಣ್ಣೆಯ ಕೈಗವಸು ಮಾತ್ರ.

ಕಾರು ಗುಡ್ಡ ಹತ್ತಿತು. ನಾನು ಹಿಂದೆ ಓಡಿದೆ. ಮೇಲಿನ ಏರಿನಲ್ಲಿ ಅದು ಮೂಗು ಹೂತು ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಹೆಜ್ಜೆ ಗುರುತು ಹಿಡಿದು ಹೋದೆ... ಎರಡು ತಿರುವಿನಲ್ಲಿ ಹಿಮ ಅದನ್ನೂ ನುಂಗಿತ್ತು. ಆಗಲೇ ಈ ಸಲಿಕೆಯವನು ಸಿಕ್ಕಿದ್ದು.

ತಲೆಯ ಮೇಲೆ ಏನೋ ಕೆರೆಯುವ ಸದ್ದು. ಬೆಳಕು. ಆಮೇಲೆ ಒಂದು ಮುಖ. ತಲೆಗೆ ಶಾಲು ಸುತ್ತಿಕೊಂಡ ಹೆಂಗಸು, ಕೈಯಲ್ಲಿ ಬುರೆಕ್ ಎಂಬ ಮಾಂಸದ ಕಡುಬು ಬೇಯಿಸುವ ದೊಡ್ಡ ತಟ್ಟೆ. ಅದರಲ್ಲೇ ತೋಡುತ್ತಿದ್ದಳು.

"ಅಯ್ಯೋ ಅಲ್ಲಾ! ನಾನು ಬೆಕ್ಕು ಅಂದ್ಕೊಂಡೆ!"

"ಮಿಯಾಂವ್ ಅನ್ಲಾ? ಎಳೀರಿ ಮೊದಲು!"

ಶೆಫಿಕಾ ಅವಳ ಹೆಸರು. ಸೂರಿನ ಕೆಳಗಿದ್ದದ್ದು ಅವಳ ಮನೆ. ನನ್ನನ್ನು ಎಳೆದು ಕೂರಿಸಿ ಬೈಯಲು ಶುರುಮಾಡಿದಳು.

"ಮುನಿಸಿಪಾಲಿಟಿಯವಳಾ ನೀನು? ಹಿಮ ತಳ್ಳೋ ಲಾರಿ ಎಲ್ಲಿ ಸತ್ತಿದೆ? ನನ್ನ ಗಂಡನ ಮಾತ್ರೆ ಮುಗಿದು..."

"ಮುನಿಸಿಪಾಲಿಟಿ ಅಲ್ಲಮ್ಮ. ಇಲ್ಲಿ ಸಲಿಕೆ ಹಿಡ್ಕೊಂಡು ಒಬ್ಬ ದಾಂಡಿಗ ನಿಂತಿದ್ನಲ್ಲ, ಎಲ್ಲಿ ಹೋದ?"

"ಅವನಾ! ನನ್ನ ಗೇಟಿನೊಳಗೇ ಹಿಮ ಎಸೀತಿದ್ದ, ಲೋಫರ್! ಈ ಕೇರಿಯವನಲ್ಲ. ಈ ಕೇರಿಯವನಾಗಿದ್ರೆ ಪಕ್ಕದ ಮನೆಗೆ ಎಸೀತಾನಾ? ಮೇಲಕ್ಕೆ ಹೋದ."

ಮೇಲಕ್ಕೆ. ಮೇಲೆ ಐದಾರು ಗಲ್ಲಿ, ನೂರಾರು ಮನೆ.

ಫೋನ್ ತೆಗೆದು ಪೊಲೀಸರಿಗೆ ಮಾಡಿದೆ. ಆ ಕಡೆಯವನ ದನಿಯಲ್ಲಿ ಎರಡು ದಿನದ ನಿದ್ದೆ ಬಾಕಿಯಿತ್ತು.

"ಮೇಡಂ, ನಮ್ಮ ಜೀಪ್ ಹತ್ತಲ್ಲ. ಹಿಮ ತಳ್ಳೋ ಲಾರಿ ನಿಮ್ಮ ಕಡೆ ಹೊರಟಿದೆ. ಅದರ ಹಿಂದೆನೇ ಬರ್ತೀವಿ."

"ಅಲ್ರೀ, ಲಾರಿ ರಸ್ತೆ ತೆರೆದ ತಕ್ಷಣ ಅವರು ಹುಡುಗೀನ ಗುಡ್ಡದಾಚೆ ಸಾಗಿಸ್ತಾರೆ! ಅದಕ್ಕೇ ಕಾಯ್ತಿರೋದು!"

"ಏನ್ಮಾಡೋದು ಮೇಡಂ? ಹಾರ್ಕೊಂಡು ಬರೋಕೆ ನಾವೇನು ಕಾಗೆನಾ?"

ಇಟ್ಟುಬಿಟ್ಟ.

ಯೋಚಿಸಿ ನೋಡಿ! ಇಡೀ ಊರು ಲಾರಿ ಬರಲಿ ಎಂದು ಹರಕೆ ಹೊರುತ್ತಿತ್ತು. ಅದು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಲಾರಿ ತಲುಪುವ ಮೊದಲು ಬೆಲ್ಮಾ ಸಿಗಬೇಕು. ಇಲ್ಲವಾದರೆ ವಸಂತದಲ್ಲಿ ಹಿಮ ಕರಗಿದಾಗ ಯಾವುದೋ ಹಳ್ಳದಲ್ಲಿ ಸಿಗುತ್ತಾಳೆ.

ಫೋನ್ ಮತ್ತೆ ಬಡಿದುಕೊಂಡಿತು. ನೆರ್ಮಿನಾ.

"ಸಿಕ್ಕಿದ್ಲಾ ಜುಮ್ರಾ?"

"ಹುಡುಕ್ತಿದ್ದೀನಿ."

"ಫೈನಲ್‌ನಲ್ಲಿ ಏಳು ಮೀಟರ್ ಪೆನಾಲ್ಟಿ ತಡೆದವಳು ನೀನು... ನನ್ನ ಮಗು ಕಣೇ..." ಎಂದು ಅತ್ತಳು.

"ಅಳಬೇಡ, ಕೇಳು. ಈಗಲೇ ಮನೆ ಬಿಟ್ಟು ಮೇಲ್ಮನೆಯವರ ಹತ್ರ ಹೋಗು. ಒಳಗಿಂದ ಚಿಲಕ ಹಾಕ್ಕೊ. ಯಾರು ತಟ್ಟಿದ್ರೂ ತೆಗೀಬೇಡ."

ಮತ್ತೆ ನಡೆದೆ. ನಡೆದೆ ಎನ್ನುವುದು ದೊಡ್ಡ ಮಾತು. ಈಜಿದೆ ಅನ್ನಿ. ಒಂದು ಗಲ್ಲಿ ಹತ್ತಿ, ಇನ್ನೊಂದು ಇಳಿದು, ಮತ್ತೆ ಹತ್ತಿ... ಹುಟ್ಟಿದಾಗಿನಿಂದ ತಿಳಿದ ಮೊಹಲ್ಲಾ, ಆದರೆ ಅವತ್ತು ಅದು ನನ್ನನ್ನು ಗುರುತು ಹಿಡಿಯಲಿಲ್ಲ. ಮಸೀದಿಯ ಮಿನಾರು ಅರ್ಧಕ್ಕೇ ಮಾಯ. ಕೋಟೆಯ ಹೆಬ್ಬಾಗಿಲು ಯಾವ ಕಡೆ? ಕಲ್ಲಿದ್ದಲ ಹೊಗೆ ಗಾಳಿಗೆ ಕೆಳಗಿಳಿದು ಕಣ್ಣು ಉರಿಸುತ್ತಿತ್ತು. ನಿಲ್ಲಲು ಆಗುತ್ತಿರಲಿಲ್ಲ, ನಿಂತರೆ ಕೈಗವಸಿನ ನೆನಪು. ಜೇಬಿನಲ್ಲಿ ಅದು ಇನ್ನೂ ಬೆಚ್ಚಗಿದೆಯೇನೋ ಎನಿಸಿ ಮತ್ತೆ ಮತ್ತೆ ಮುಟ್ಟುತ್ತಿದ್ದೆ.

ಮೊದಲು ಮನೆಮನೆ ತಟ್ಟಿದೆ. ಬರೀ ಬೈಗುಳ. "ಲಾರಿ ಎಲ್ಲಿ?" "ಕರೆಂಟ್ ಯಾವಾಗ?" ಒಬ್ಬ ಮುದುಕ ಕಿಟಕಿಯಿಂದಲೇ ನನಗೆ ಸಲಿಕೆ ಕೊಡಲು ಬಂದ.

"ಬಂದದ್ದು ಬಂದಿದ್ದೀಯ, ನನ್ನ ಮೆಟ್ಟಿಲು ಸ್ವಲ್ಪ ಬಳಿದು ಹೋಗು ತಾಯಿ!"

ಆಗ, ಆ ಮುದುಕನ ಬಾಗಿಲಲ್ಲಿ ಹಿಮದಿಂದ ಒದ್ದೆಯಾದ ಅವನ ಜೋಡು ಕಂಡಿತು. ನನ್ನ ತಲೆಗೆ ಒಂದು ಏಟು ಬಿದ್ದ ಹಾಗಾಯಿತು.

ಅಯ್ಯೋ ದಡ್ಡಿ!

ಮುಖ ಯಾಕೆ ಹುಡುಕುತ್ತಿದ್ದೀಯ? ಬೂಟು ಹುಡುಕು!

ನಮ್ಮೂರಲ್ಲಿ ಕಳ್ಳನಿರಲಿ, ಕೊಲೆಗಾರನಿರಲಿ, ಬೂಟು ಹಾಕಿಕೊಂಡು ಮನೆಯೊಳಗೆ ಕಾಲಿಡುವುದಿಲ್ಲ. ತಾಯಿಯ ಹಾಲಿನ ಜೊತೆ ಕುಡಿದ ಬುದ್ಧಿ ಅದು. ಇನ್ನು ಹಿಮದ ದಿನ, ಕಂಬಳಿ ಹಾಸಿದ ಮನೆಗೆ ಒದ್ದೆ ಬೂಟಿನಲ್ಲಿ ನುಗ್ಗಿದರೆ? ಪೊಲೀಸರಿಗಿಂತ ಮೊದಲು ಮನೆಯ ಹೆಂಗಸೇ ಕೊಲ್ಲುತ್ತಾಳೆ!

ಅಲ್ಲಿಂದ ಮುಂದೆ ತಟ್ಟಲಿಲ್ಲ. ಗೇಟು ದೂಡುವುದು, ಅಂಗಳಕ್ಕೆ ಇಣುಕುವುದು, ಬಾಗಿಲ ಬಳಿಯ ಜೋಡು ನೋಡುವುದು. ಮಕ್ಕಳ ಬೂಟು... ಮುಂದೆ. ಮುದುಕಿಯ ರಬ್ಬರ್ ಶೂ... ಮುಂದೆ. ಒಂದು ನಾಯಿ ನನ್ನ ಕೋಟಿನ ತುದಿ ಹರಿದುಕೊಂಡಿತು. ಮುಂದೆ!

ಆಗ ಕೆಳಗಿನಿಂದ ಸದ್ದು ಬಂತು. ಗರ್‌ರ್‌ರ್... ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು.

ಲಾರಿ ಹೊರಟಿತ್ತು.

ಓಡಿದೆ. ಬಿದ್ದೆ. ಎದ್ದೆ. ಗುಡ್ಡದ ಕೊನೆಯ ಗಲ್ಲಿ. ನೀಲಿ ಗೇಟು. ದೂಡಿದೆ.

ಸೂರಿನ ಕೆಳಗೆ, ಬಾಗಿಲ ಪಕ್ಕದ ಹಲಗೆಯ ಮೇಲೆ ಮೂರು ಜೊತೆ.

ಮೊದಲನೆಯದು ಮಿಲಿಟರಿ ಬೂಟು. ಎಡಗಾಲಿಗೆ ಕೆಂಪು ವೈರ್!

ಎರಡನೆಯದು ಗಂಡಸಿನ ಕಂದು ಬೂಟು, ಹೊಸದು. ಮೂರನೆಯದು ನೇರಳೆ ಬಣ್ಣದ ರಬ್ಬರ್ ಬೂಟು. ಬೆಳಿಗ್ಗೆಯೆಲ್ಲ ನನ್ನ ಪಕ್ಕದಲ್ಲೇ ಕಿರ್ ಕಿರ್ ಎನ್ನುತ್ತ ನಡೆದದ್ದು ಅದೇ.

ಬದುಕಿದ್ದಾಳೆ! ಹೆಣದ ಬೂಟನ್ನು ಯಾರೂ ಒರೆಸಿ ಇಡುವುದಿಲ್ಲ.

ಆದರೆ ನನ್ನನ್ನು ನಿಲ್ಲಿಸಿದ್ದು ಬೇರೆ ವಿಷಯ. ನಮ್ಮಲ್ಲಿ ಅತಿಥಿ ಬಂದು ಒಳಗೆ ಕೂತರೆ ಮನೆಯ ಹೆಂಗಸರು ಸದ್ದಿಲ್ಲದೆ ಹೊರಗೆ ಬಂದು ಅವರ ಜೋಡನ್ನು ಬೀದಿಗೆ ಮುಖ ಮಾಡಿ ತಿರುಗಿಸಿ ಇಡುತ್ತಾರೆ. ಹೋಗುವಾಗ ನೇರ ಕಾಲು ತೂರಿಸಲು ಸುಲಭವಾಗಲಿ ಎಂದು. ಮನೆಯವರದು ಮಾತ್ರ ಬಾಗಿಲಿಗೆ ಮುಖ ಮಾಡಿ ಹಾಗೇ ಇರುತ್ತದೆ.

ದಾಂಡಿಗನ ಬೂಟು ಬೀದಿಗೆ ಮುಖ ಮಾಡಿತ್ತು. ಅತಿಥಿ.

ಕಂದು ಬೂಟು ಬಾಗಿಲಿಗೆ ಮುಖ ಮಾಡಿತ್ತು. ಮನೆಯ ಹುಡುಗ.

ಬೆಲ್ಮಾಳ ನೇರಳೆ ಬೂಟೂ... ಬಾಗಿಲಿಗೇ ಮುಖ ಮಾಡಿತ್ತು!

ಯಾರೋ ಒಬ್ಬರು, ಬೂಟು ತಿರುಗಿಸುವಂಥ ಹಳೇ ಕಾಲದ ಹೆಂಗಸು, ಅವಳನ್ನು ಮನೆಗೆ ಬಂದವಳು ಎಂದು ತಿಳಿದಿಲ್ಲ. ಮನೆಯವಳು ಎಂದು ತಿಳಿದಿದ್ದಾಳೆ. ಹುಡುಗ ಒಂದು ಹುಡುಗಿಯನ್ನು ಕರೆತಂದಿದ್ದಾನೆ, ಹುಡುಗಿ ಅಳುತ್ತಿದ್ದಾಳೆ... ಹುಡುಗನ ಮನೆಗೆ ಓಡಿಬಂದ ಹುಡುಗಿ ಮೊದಲ ದಿನ ಅಳದೆ ಇನ್ನೇನು ಮಾಡುತ್ತಾಳೆ?

ಭಲೇ ಕಳ್ಳ! ಮದುಮಗಳು ಅಂತ ಹೇಳಿದ್ದಾನೆ!

ಎರಡೂ ಜೊತೆ ಗಂಡಸರ ಬೂಟು ಎತ್ತಿಕೊಂಡೆ. ಅಂಗಳದ ಗೋಡೆಯಾಚೆ ಆಳದ ಇಳಿಜಾರು. ಗೋಲಿನಿಂದ ಮೈದಾನದ ಆ ತುದಿಗೆ ಚೆಂಡು ಎಸೆದು ಅಭ್ಯಾಸವಿದ್ದ ಕೈ. ಒಂದು... ಎರಡು... ಮೂರು... ನಾಲ್ಕು! ಹಿಮ ಅವನ್ನು ಸದ್ದಿಲ್ಲದೆ ನುಂಗಿತು.

ಬಾಗಿಲು ತಟ್ಟಿದೆ.

ತೆರೆದದ್ದು ಒಬ್ಬಳು ಅಜ್ಜಿ. ಬಿಳಿ ತಲೆವಸ್ತ್ರ, ಹಿಟ್ಟು ಮೆತ್ತಿದ ಕೈ.

"ಸಲಾಂ ಅಜ್ಜಿ. ನಾನು ಹುಡುಗಿಯ ಕಡೆಯವಳು. ಅವಳ ಚಿಕ್ಕಮ್ಮ."

ಅಜ್ಜಿಯ ಮುಖ ಹೂವಾಯಿತು. ಸುಳ್ಳು ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

"ಬಂದ್ರಾ! ಇವತ್ತೇ! ಇಂಥ ಹಿಮದಲ್ಲಿ! ನಾನು ಕೆಮೋಗೆ ಹೇಳಿದೆ, ಹೆಣ್ಣಿನ ಕಡೆಯೋರಿಗೆ ಸುದ್ದಿ ಮುಟ್ಸು, ಅವರ ಎದೆ ಒಡೆಸಬೇಡ ಅಂತ. ಬಾ ಮಗಳೇ, ಒಳಗೆ ಬಾ. ನಾನು ಹಸ್ನಿಯಾ, ಅವನ ಸೋದರತ್ತೆ. ಯುದ್ಧದಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡ ಮಗು, ಈ ಕೈಯಲ್ಲೇ ಸಾಕಿದ್ದು."

ನಾನು ಏನು ಮಾಡಿದೆ ಗೊತ್ತೇ? ಬಗ್ಗಿ ಬೂಟು ಬಿಚ್ಚಿದೆ! ನಗಬೇಡಿ. ಒಳಗೆ ಚಾಮಿಲ್ ಕಡೆಯ ಇಬ್ಬರು ಕೊಲೆಗಡುಕರು ಇದ್ದಾರೆ, ಗೊತ್ತು. ಆದರೂ ಕೈ ತಾನಾಗಿ ಲೇಸಿಗೆ ಹೋಯಿತು. ಅಜ್ಜಿ ಕೂಡಲೇ ಬಗ್ಗಿ ನನ್ನ ಬೂಟನ್ನು ಬೀದಿಗೆ ತಿರುಗಿಸಿದಳು. ಆಮೇಲೆ ಹಲಗೆ ನೋಡಿದಳು.

"ಅಯ್ಯೋ, ಹುಡುಗರ ಬೂಟೆಲ್ಲಿ?"

"ಹಿಮ ಬೀಳ್ತಿತ್ತು ಅಜ್ಜಿ. ಆ ಕಡೆ ಸರಿಸಿದೆ."

"ಎಂಥ ಒಳ್ಳೆ ಮನೆತನದೋರು!"

ಒಳಗೆ ಒಲೆಯ ಪಕ್ಕ, ಗೋಡೆಗೊರಗಿದ ದಿವಾನದ ಮೇಲೆ ಬೆಲ್ಮಾ. ಮುಂದೆ ಹಲ್ವದ ತಟ್ಟೆ, ಮುಟ್ಟಿರಲಿಲ್ಲ. ನನ್ನನ್ನು ಕಂಡು ಕಣ್ಣರಳಿಸಿದಳು, ಆದರೆ ತುಟಿ ಬಿಚ್ಚಲಿಲ್ಲ. ಬರೀ ಮೇಲ್ಮಹಡಿಯ ಕಡೆ ನೋಡಿದಳು.

"ಬೆಳಿಗ್ಗೆಯಿಂದ ಒಂದು ಮಾತಿಲ್ಲ," ಎಂದಳು ಅಜ್ಜಿ. "ನಾಚಿಕೆ ಪಾಪ. ಕೂತ್ಕೋ ಮಗಳೇ, ಕಾಫಿ ಮಾಡ್ತೀನಿ."

"ಅಜ್ಜಿ, ಸ್ವಲ್ಪ ಅರ್ಜೆಂಟಿದೆ..."

"ಕಾಫಿ ಕುಡೀದೆ ಯಾರು ಹೋಗ್ತಾರೆ? ಹೆಣ್ಣಿನ ಕಡೆಯೋರು ಮೊದಲ್ನೇ ಸಲ ಬಂದು!"

ಗರ್‌ರ್‌ರ್... ಲಾರಿ ಇನ್ನೊಂದು ಗಲ್ಲಿ ಹತ್ತಿತು.

ಅಜ್ಜಿ ನಿಧಾನವಾಗಿ ತಾಮ್ರದ ಪಾತ್ರೆಯಲ್ಲಿ ನೀರಿಟ್ಟಳು. ನಿಧಾನವಾಗಿ ಪುಡಿ ಹಾಕಿದಳು. ನೊರೆ ಏರಲಿ ಎಂದು ನಿಧಾನವಾಗಿ ಕಾದಳು. ನನ್ನ ಕಾಲು ನೆಲದ ಮೇಲೆ ತಾಳ ಹಾಕುತ್ತಿತ್ತು. ಬೆಲ್ಮಾಳ ಕೈ ಹಿಡಿದು ಎದ್ದು ಓಡಲೇ? ಬಾಗಿಲಿಗೂ ನನಗೂ ನಡುವೆ ಮೇಲ್ಮಹಡಿಯ ಮೆಟ್ಟಿಲು. ಆಗ ಅಜ್ಜಿ ಅದೇ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು.

"ಕೆಮೋ! ಇಳಿದು ಬಾರೋ! ಹೆಣ್ಣಿನ ಕಡೆಯೋರು ಬಂದಿದ್ದಾರೆ!"

ಸತ್ತೆ!

ಇಳಿದು ಬಂದ. ತೆಳ್ಳಗಿನ ಹುಡುಗ, ನುಣ್ಣನೆಯ ಮುಖ. ಸ್ವೆಟರಿನಡಿ ಸೊಂಟದಲ್ಲಿ ಉಬ್ಬು. ಅವನ ಹಿಂದೆ ದಾಂಡಿಗ, ರಾಮಿಜ್. ನನ್ನನ್ನು ನೋಡಿ ಮೆಟ್ಟಿಲ ಮೇಲೇ ಕಲ್ಲಾದ.

"ನೀ... ನೀನು..."

"ಹೂಂನಪ್ಪ. ಹಿಮದಡಿ ಎಷ್ಟು ಹೊತ್ತು ಅಂತ ಮಲಗೋದು?"

ಇಬ್ಬರ ಕಾಲಲ್ಲೂ ಉಣ್ಣೆಯ ಕಾಲುಚೀಲ. ರಾಮಿಜ್‌ನ ಹೆಬ್ಬೆರಳು ತೂತಿನಿಂದ ಹೊರಗೆ ಇಣುಕುತ್ತಿತ್ತು. ಕೆಮೋ ಅತ್ತೆಯ ಮುಖ ನೋಡಿದ, ಸ್ವೆಟರ್ ಕೆಳಗೆಳೆದುಕೊಂಡ. ಅತ್ತೆಯ ಎದುರು ಪಿಸ್ತೂಲು ತೆಗೆಯಲು ಅವನಿಗೆ ಧೈರ್ಯವಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಬದುಕಿಸಿದ್ದು ಅದೊಂದೇ.

ಕೂತೆವು. ಐದು ಜನ, ಒಂದು ತಾಮ್ರದ ತಟ್ಟೆ, ಪುಟ್ಟ ಪುಟ್ಟ ಬಟ್ಟಲು.

"ಚಿಕ್ಕಮ್ಮ ನಡ್ಕೊಂಡೇ ಬಂದ್ರಾ?" ಕೆಮೋ ಸಕ್ಕರೆ ಮುಂದೆ ಚಾಚಿದ. "ಜಾರಿ ಗೀರಿ ಬಿದ್ದು ಪ್ರಾಣ ಹೋಗೋ ದಿನ ಇದು."

"ನನ್ನ ಪ್ರಾಣ ಗಟ್ಟಿ ಅಳಿಯಂದ್ರೇ. ನಿಮ್ಮ ಗೆಳೆಯರನ್ನ ಕೇಳಿ."

"ಎಷ್ಟು ಗಟ್ಟಿ ಅಂತ ಆಮೇಲೆ ಹೊರಗೆ ಹೋಗಿ ನೋಡೋಣ."

"ಹೂಂ, ನೋಡೋಣ. ಬೂಟು ಹಾಕ್ಕೊಂಡು ಬನ್ನಿ."

ಅಜ್ಜಿ ಇಬ್ಬರನ್ನೂ ನೋಡಿ ನಕ್ಕಳು. "ಈಗಲೇ ತಮಾಷೆ ಶುರುವಾಯ್ತು! ಒಳ್ಳೇದು."

ಗರ್‌ರ್‌ರ್!... ಈಗ ಹತ್ತಿರ. ಕಿಟಕಿಯ ಗಾಜು ಅದುರಿತು. ಕೆಮೋ ಎದ್ದ.

"ಅತ್ತೆ, ರಸ್ತೆ ತೆರೀತು. ನಾವು ಹೊರಡ್ತೀವಿ. ಏಳು ಬೆಲ್ಮಾ."

"ಎಲ್ಲಿಗೋ? ಕೂತ್ಕೋ!" ಅಜ್ಜಿಯ ದನಿ ಬದಲಾಯಿತು. "ಹೆಣ್ಣಿನ ಕಡೆಯೋರ ಎದುರು ನಾನು ಕೇಳಬೇಕಾದ್ದನ್ನ ಇನ್ನೂ ಕೇಳಿಲ್ಲ. ನಾನು ಸೊಸೆಯಾಗಿ ಬಂದಾಗ ನನ್ನ ಅತ್ತೆ ನನ್ನನ್ನ ಕೇಳಿದ್ರು. ಅವರನ್ನ ಅವರ ಅತ್ತೆ ಕೇಳಿದ್ರು." ಬೆಲ್ಮಾಳ ಕಡೆ ತಿರುಗಿದಳು. "ಮಗಳೇ, ನೀನು ನಿನ್ನ ಇಷ್ಟದಿಂದ ಬಂದ್ಯಾ?"

"ಅವಳಿಗೆ ನಾಚಿಕೆ ಅತ್ತೆ, ನಾನೇ ಹೇಳ್ತೀನಿ..."

"ನಿನ್ನನ್ನ ಕೇಳಲಿಲ್ಲ!"

ಬೆಲ್ಮಾ ತಲೆ ತಗ್ಗಿಸಿದಳು. ಅವಳನ್ನು ಏನೆಂದು ಹೆದರಿಸಿದ್ದಾರೆ ಎಂದು ಹೇಳಲು ಜ್ಯೋತಿಷಿ ಬೇಕೆ? ಬಾಯಿ ಬಿಟ್ಟರೆ ನಿನ್ನಮ್ಮನ ಬಾಗಿಲಿಗೆ ಹೋಗುತ್ತೇವೆ ಎಂದಿರುತ್ತಾರೆ. ಜೇಬಿನಿಂದ ಹಸಿರು ಕೈಗವಸು ತೆಗೆದು ತಟ್ಟೆಯ ಮೇಲಿಟ್ಟೆ.

"ಇದನ್ನ ಬಿಟ್ಟು ಬಂದಿದ್ದೀಯ ಬೆಲ್ಮಾ. ನಿನ್ನಮ್ಮ ಮನೇಲಿಲ್ಲ. ಮೇಲ್ಮನೆಯವರ ಹತ್ರ ಚಿಲಕ ಹಾಕ್ಕೊಂಡು ಕೂತಿದ್ದಾಳೆ. ಅವಳನ್ನ ಯಾರೂ ಮುಟ್ಟಲ್ಲ. ಅಜ್ಜಿ ಕೇಳಿದ್ದಕ್ಕೆ ನಿಜ ಹೇಳು."

ಬೆಲ್ಮಾ ಕೈಗವಸು ಎತ್ತಿಕೊಂಡಳು.

"ಇಲ್ಲ!" ಎಂದಳು. ದನಿ ಒಡೆದಿತ್ತು, ಆದರೆ ಜೋರಾಗಿತ್ತು. "ನನ್ನ ಇಷ್ಟದಿಂದ ಬರ್ಲಿಲ್ಲ ಅಜ್ಜಿ! ರಸ್ತೆಯಿಂದ ಎಳ್ಕೊಂಡು ಬಂದ್ರು. ಕೋರ್ಟಿಗೆ ಹೋಗದ ಹಾಗೆ ಇವತ್ತು ನನ್ನನ್ನ ಸಾಯಿಸ್ತಾರೆ!"

ಅಜ್ಜಿ ಕೆಮೋನ ಮುಖ ನೋಡಿದಳು. ಅದರಲ್ಲಿ ಉತ್ತರ ಇತ್ತು. ಅವಳು ಆ ಮುಖವನ್ನು ತೊಟ್ಟಿಲಿನಿಂದ ಓದಿದವಳು.

ಕೆಮೋನ ಕೈ ಸ್ವೆಟರಿನಡಿ ಹೋಯಿತು.

ಅಜ್ಜಿ ಒಲೆಯ ಮೇಲಿನ ಕುದಿಯುವ ಕಾಫಿಯನ್ನು ಆ ಕೈಯ ಮೇಲೆ ಸುರಿದಳು.

"ಆಆಆ!"

ಪಿಸ್ತೂಲು ಸಿಡಿದು ಸೀಲಿಂಗಿನ ಗಾರೆ ಉದುರಿತು. ರಾಮಿಜ್ ಒಲೆಯ ಪಕ್ಕದ ಕಬ್ಬಿಣದ ಸಲಾಕೆ ಕಿತ್ತು ನನ್ನತ್ತ ಎಸೆದ. ನಾನು ತಾಮ್ರದ ತಟ್ಟೆ ಎತ್ತಿದೆ. ಠಣ್! ಹೇಳಿದೆನಲ್ಲ, ಗೋಲ್‌ಕೀಪರ್! ಅದೇ ತಟ್ಟೆಯನ್ನು ಅವನ ಮೂಗಿಗೆ ಕೊಟ್ಟೆ. ಮುಖ ಮುಚ್ಚಿಕೊಂಡು ಕೂತ.

"ಓಡು!"

ಬಾಗಿಲು. ಹಲಗೆ. ನನ್ನ ಬೂಟು ಬೀದಿಗೆ ಮುಖ ಮಾಡಿ ಕಾದಿತ್ತು. ಎರಡು ಕಾಲೂ ನೇರ ಒಳಗೆ! ಆ ಪದ್ಧತಿ ಮಾಡಿದವರು ಯಾರೋ, ಅವರಿಗೆ ಸ್ವರ್ಗ ಸಿಗಲಿ. ಬೆಲ್ಮಾಳ ಬೂಟು ಮಾತ್ರ ತಿರುಗಿ ನಿಂತಿತ್ತು. ಅವಳು ಎಡಗಾಲನ್ನು ಬಲಕ್ಕೆ ತೂರಿಸಿ ಒದ್ದಾಡಿದಳು. ನಾನು ಬಗ್ಗಿ ತಿರುಗಿಸಿ ತೊಡಿಸಿದೆ. ಹಿಂದೆ ಹೆಜ್ಜೆ ಸದ್ದು, ಅಜ್ಜಿಯ ಕೂಗು. "ನನ್ನ ಹೊಸ್ತಿಲು ದಾಟಬೇಡ ಕೆಮೋ! ದಾಟಬೇಡ!"

ದಾಟಿದ.

ನಾವು ಗೇಟು ದಾಟಿ ಇಳಿಜಾರಿಗೆ ಬಿದ್ದಿದ್ದೆವು. ತಿರುಗಿ ನೋಡಿದೆ. ಕೆಮೋ ಹಲಗೆಯ ಮುಂದೆ ನಿಂತು ಇಲ್ಲದ ಬೂಟು ಹುಡುಕುತ್ತಿದ್ದ.

"ನನ್ನ ಬೂಟೆಲ್ಲೇ?!"

"ವಸಂತದಲ್ಲಿ ಬಂದು ತಗೋ!"

ರಾಮಿಜ್ ಕಾಲುಚೀಲದಲ್ಲೇ ಇಳಿದ. ಹತ್ತು ಹೆಜ್ಜೆ ಓಡಿದ... ಆಮೇಲೆ ಕುಣಿದ... ಆಮೇಲೆ ಒಂದು ಗೇಟಿನ ಕಟ್ಟೆಯ ಮೇಲೆ ಕೂತು ಪಾದ ಹಿಡಿದುಕೊಂಡು ಅತ್ತ. ಕೆಮೋ ಬುದ್ಧಿವಂತ. ಬಾಗಿಲ ಒಳಗಿದ್ದ, ಅತ್ತೆ ಅಂಗಳಕ್ಕೆ ಹಾಕಿಕೊಳ್ಳುವ ಮರದ ಚಪ್ಪಲಿ ಮೆಟ್ಟಿಕೊಂಡ. ಅವನ ಹಿಮ್ಮಡಿ ಅರ್ಧ ಹೊರಗೆ. ಟಕ್ ಟಕ್ ಟಕ್ ಎನ್ನುತ್ತ ಬಂದ, ಎಡಗೈಯಲ್ಲಿ ಪಿಸ್ತೂಲು.

ಢಂ!

ಪಕ್ಕದ ಗೋಡೆಯ ಹಿಮ ಸಿಡಿಯಿತು. ಬೆಲ್ಮಾ ಚೀರಿದಳು. ಅವಳ ಕೈ ಹಿಡಿದಿದ್ದೆ. ಈ ಸಲ ಕೈಗವಸನ್ನಲ್ಲ, ಮಣಿಕಟ್ಟನ್ನೇ ಹಿಡಿದಿದ್ದೆ.

ಢಂ!

ನನ್ನ ತೋಳಿಗೆ ಬೆಂಕಿ ತಾಗಿದ ಹಾಗಾಯಿತು. ನಿಲ್ಲಲಿಲ್ಲ. ತಿರುವು ತಿರುಗಿದೆವು... ಎದುರಿಗೆ ಎರಡು ಹಳದಿ ದೀಪ, ಗೋಡೆಯಿಂದ ಗೋಡೆಗೆ ಕಬ್ಬಿಣದ ಅಲಗು. ಹಿಮ ತಳ್ಳುವ ಲಾರಿ! ಬೆಲ್ಮಾಳನ್ನು ಒಂದು ಬಾಗಿಲ ಸಂದಿಗೆ ದೂಡಿ ಮೇಲೆ ಬಿದ್ದೆ.

ಕೆಮೋ ತಿರುವಿಗೆ ಬಂದ. ಲಾರಿ ಕಂಡ. ನಿಲ್ಲಬೇಕೆಂದುಕೊಂಡ. ಆದರೆ ಮರದ ಚಪ್ಪಲಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾಲು ಮೇಲೆ, ತಲೆ ಕೆಳಗೆ, ಬೆನ್ನ ಮೇಲೆ ಜಾರಿಕೊಂಡು ನಮ್ಮ ಮುಂದೆಯೇ ಹಾದುಹೋದ. ಪಿಸ್ತೂಲು ಎತ್ತಲೋ ಹಾರಿತು. ಬ್ರೇಕ್ ಕಿರುಚಿತು. ಅಲಗು ಅವನ ಹಿಮ್ಮಡಿಗೆ ತಾಗುವಷ್ಟರಲ್ಲಿ ನಿಂತಿತು.

ಡ್ರೈವರ್ ತಲೆ ಹೊರಗೆ ಹಾಕಿದ. "ಏಯ್! ಚಪ್ಪಲಿ ಹಾಕ್ಕೊಂಡು ಹಿಮದಲ್ಲಿ ಆಟ ಆಡ್ತಾರೇನೋ, ಪೆದ್ದ ನನ್ಮಗನೇ?"

ಲಾರಿಯ ಹಿಂದೆ ಪೊಲೀಸ್ ಜೀಪು. ಹೇಳಿದ ಹಾಗೆ, ಅದರ ಹಿಂದೆಯೇ ಬಂದಿದ್ದರು. ಮೊದಲ ಸಲ ಅವರನ್ನು ಕಂಡು ಖುಷಿಯಾಯಿತು.

ಕೆಮೋಗೆ ಬೇಡಿ ಹಾಕುವಾಗ ಅಜ್ಜಿ ಗಲ್ಲಿಯ ಮೇಲ್ತುದಿಯಲ್ಲಿ ನಿಂತಿದ್ದಳು. ಒದ್ದೆ ಕಾಲುಚೀಲದಲ್ಲಿ ನಡುಗುತ್ತ ಅವನು ಕೂಗಿದ. "ಅತ್ತೆ! ಕಾಲು ಮರಗಟ್ತಿದೆ! ಏನಾದ್ರೂ ಕೊಡು ಅತ್ತೆ!"

ಅಜ್ಜಿ ಒಳಗೆ ಹೋದಳು. ನೀಲಿ ಗೇಟು ಮುಚ್ಚಿತು. ನನಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ.

ಬೆಲ್ಮಾಳನ್ನು ಜೀಪಿನಲ್ಲಿ ಕೋರ್ಟಿಗೆ ಕರೆದೊಯ್ದೆವು. ನನ್ನ ತೋಳಿಗೆ ಕಟ್ಟು, ಅವಳ ಕಾಲಲ್ಲಿ ನೇರಳೆ ಬೂಟು. ಬಾಗಿಲಲ್ಲಿ ಬೋರ್ಡು ನೇತಾಡುತ್ತಿತ್ತು. ಹಿಮದ ಕಾರಣ ಇವತ್ತು ರಜೆ! ನಾನು ಬೈದ ಬೈಗುಳ ಇಲ್ಲಿ ಹೇಳಲಾರೆ. ಮೂರು ದಿನದ ಮೇಲೆ ಕೋರ್ಟು ತೆರೆಯಿತು. ಬೆಲ್ಮಾ ಎದ್ದು ನಿಂತು ಚಾಮಿಲ್‌ನನ್ನು ಬೆರಳು ತೋರಿಸಿದಳು. ನೆರ್ಮಿನಾ ನನ್ನ ಗಾಯದ ತೋಳನ್ನೇ ಹಿಂಡಿ ಹಿಂಡಿ ಅತ್ತಳು.

ವಸಂತದಲ್ಲಿ ಹಿಮ ಕರಗಿತು. ಒಂದು ಶುಕ್ರವಾರ ಹಸ್ನಿಯಾ ಅಜ್ಜಿ ಹೇಳಿ ಕಳುಹಿಸಿದಳು, ಕಾಫಿಗೆ ಬಾ ಎಂದು. ಹೇಗೆ ಮುಖ ತೋರಿಸಲಿ ಎಂದುಕೊಂಡೇ ಹತ್ತಿದೆ.

ಬಾಗಿಲ ಹಲಗೆಯ ಮೇಲೆ ಕಂದು ಬೂಟು ಇತ್ತು. ಇಳಿಜಾರಿನಲ್ಲಿ ಸಿಕ್ಕಿತಂತೆ. ತೊಳೆದು, ಒಣಗಿಸಿ, ಪಾಲಿಶ್ ಮಾಡಿ ಇಟ್ಟಿದ್ದಳು.

ಅದರ ಮುಖ ಬೀದಿಗಿತ್ತು.

ನಾನು ನೋಡುವುದನ್ನು ಅಜ್ಜಿ ನೋಡಿದಳು.

"ಬಿಡುಗಡೆ ಆದ್ಮೇಲೆ ಬರಲಿ. ಕಾಫಿ ಕೊಡ್ತೀನಿ," ಎಂದಳು. "ಬಂದೋರಿಗೆ ಕೊಡೋ ಹಾಗೆ."

ಮೂರು ಬಟ್ಟಲು ಕಾಫಿ ಕುಡಿಸಿದಳು, ಕಹಿ ಕಷಾಯ! ಮೊಣಕಾಲು ನೋವಿನ ಕತೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಡುವೆ ಎದ್ದು ಹೊರಗೆ ಹೋಗಿ ಬಂದಳು. ಹೊರಡಲು ಹೊರಗೆ ಬಂದೆ. ಕಾಲು ತೂರಿಸಲು ಹೋಗಿ ಎಡವಿದೆ.

ನನ್ನ ಬೂಟು ಬಾಗಿಲಿಗೆ ಮುಖ ಮಾಡಿ, ನಾನು ಬಿಟ್ಟ ಹಾಗೇ ಇತ್ತು. ಒರೆಸಿದ್ದಳು, ತಿರುಗಿಸಿರಲಿಲ್ಲ.

"ಮುಂದಿನ ಶುಕ್ರವಾರ ಬರುವಾಗ ಕಾಫಿ ಪುಡಿ ತಗೊಂಡು ಬಾ," ಎಂದು ಒಳಗಿನಿಂದ ಕೂಗಿದಳು.

ಅಂದಿನಿಂದ ಅಜ್ಜಿ ನನಗೆ ಒಂದು ಶುಕ್ರವಾರವೂ ತಪ್ಪಿಸಲು ಬಿಟ್ಟಿಲ್ಲ. ಕೆಮೋಗೆ ಒಂಬತ್ತು ವರ್ಷ ಜೈಲು. ನನಗೆ ಜೀವಾವಧಿ!